ಪರದೆಯ ಮೇಲಿನ ಸಮಾವೇಶ, ದೂರದ ದೇಣಿಗೆ

ಪ್ರಶ್ನೆ: ಕೋವಿಡ್ ಕಾಲದಲ್ಲಿ ವಿಶ್ವವಿದ್ಯಾಲಯಗಳು ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ನಡೆಸಿದ ಆನ್‌ಲೈನ್ ಸಭೆಗಳು ಹಣ ಕೇಳುವ ನೆಪವಷ್ಟೇ ಅಲ್ಲವೇ? ಅಮೆರಿಕದಲ್ಲಿರುವ ನನ್ನ ಮಗ ತಾನು ಓದಿದ ಇಲ್ಲಿನ ಕಾಲೇಜಿಗೆ ನೇರವಾಗಿ ದೇಣಿಗೆ ಕಳಿಸಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹಣದ ಉದ್ದೇಶ ಇರಲೇ ಇಲ್ಲವೆಂದರೆ ಯಾರೂ ನಂಬಲಾರರು, ಆದರೆ ಅದೊಂದೇ ಆಗಿರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯವು 2020ರ ಮೇ 28ರಂದು ಪದವಿ ಪ್ರದಾನವನ್ನೇ ಆನ್‌ಲೈನ್‌ನಲ್ಲಿ ನೆರವೇರಿಸಿ, ಆ ಸಾಲಿನ ಪದವೀಧರರನ್ನು 2022ರಲ್ಲಿ ಮತ್ತೆ ಕರೆಸಿಕೊಂಡು ಸಮಾರಂಭ ನಡೆಸಿತು. 2020ರ ಡಿಸೆಂಬರ್‌ನಲ್ಲಿ ಐಐಟಿಗಳ ಹಳೆಯ ವಿದ್ಯಾರ್ಥಿಗಳ ‘ಪ್ಯಾನ್‌ಐಐಟಿ’ ಜಾಗತಿಕ ಸಮಾವೇಶವೂ ಪರದೆಯ ಮೇಲೆಯೇ ನಡೆದು, ಪ್ರಧಾನಿ ನರೇಂದ್ರ ಮೋದಿಯವರು ಅದನ್ನುದ್ದೇಶಿಸಿ ಮಾತನಾಡಿದರು. ವಿಮಾನದ ಖರ್ಚಿಲ್ಲದೆ ಸೇರಬಹುದಾಗಿತ್ತೆಂಬುದು ನಿಜವೇ. ಆದರೆ ಬೆಂಗಳೂರಿನಲ್ಲಿ ರಾತ್ರಿ ಎಂಟಾದಾಗ ಬೇಸಿಗೆಯ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಏಳೂವರೆ, ಹಾಗಾಗಿ ಯಾರಾದರೊಬ್ಬರಿಗೆ ಊಟವೋ ತಿಂಡಿಯೋ ತಪ್ಪುತ್ತಿತ್ತು.

ಇನ್ನು ದೇಣಿಗೆಯ ವಿಚಾರ ಮಗನ ಪಾಸ್‌ಪೋರ್ಟನ್ನು ಅವಲಂಬಿಸಿದೆ. ಅವರು ಭಾರತದ ಪೌರರೇ ಆಗಿದ್ದು, ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಓಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ವಂತಿಗೆಯೇ. ಆಗ, ಸರ್ಕಾರ ವಿನಾಯಿತಿ ನೀಡಿರದ ಸಂಸ್ಥೆಯಾದರೆ, ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಇರಬೇಕು. ಆ ಕಾಯ್ದೆಯ 2020ರ ತಿದ್ದುಪಡಿಯ ಪ್ರಕಾರ ಹಣವು ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಸಂಸ್ಥೆಯ ಖಾತೆಗೇ ಬರಬೇಕು. ಕಳಿಸುವ ಮುನ್ನ ಕಾಲೇಜಿನ ಲೆಕ್ಕಪತ್ರ ವಿಭಾಗದಿಂದ ಇದನ್ನು ಬರಹದಲ್ಲಿ ಕೇಳಿ ಪಡೆಯಲಿ.