ಜೀರುಂಡೆ ಬೆನ್ನಿನ ಬಿಳಿ ಚುಕ್ಕೆ

ಪ್ರಶ್ನೆ: ಸಣ್ಣ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವ 100 ಎಂಎಂ ಮ್ಯಾಕ್ರೋ ಲೆನ್ಸ್ ಹೊಸದಾಗಿ ತಗೊಂಡಿದ್ದೇನೆ. ತೋಟದಲ್ಲಿ ಚಗಳಿ ಇರುವೆ, ಜೀರುಂಡೆ ತೆಗೆಯಲು ಹೋದರೆ ಹತ್ತರಲ್ಲಿ ಒಂಬತ್ತು ಫೋಟೋ ಮಸುಕು. ಫ್ಲ್ಯಾಶ್ ಹಾಕಿದರೆ ಜೀರುಂಡೆ ಬೆನ್ನ ಮೇಲೆ ಬಿಳಿ ಚುಕ್ಕೆ, ಹಿನ್ನೆಲೆ ಪೂರ್ತಿ ಕಪ್ಪು. ಏನು ಮಾಡಲಿ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅಡಿಕೆ ತೋಟ ಅಂದ್ರೆ ನೆರಳು ಜಾಸ್ತಿ, ಅಲ್ವಾ? ನಿಮ್ಮ ತೊಂದರೆ ಅಲ್ಲಿಂದಲೇ ಶುರು. ಇರುವೆಯನ್ನು ಅದರ ನಿಜ ಗಾತ್ರದಲ್ಲೇ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಮೇಲೆ ಮೂಡಿಸುವಷ್ಟು ಹತ್ತಿರ ಹೋದಾಗ, ಫುಲ್ ಫ್ರೇಮ್ ಅನ್ನುವ ದೊಡ್ಡ ಸೆನ್ಸರ್‌ನ ಕ್ಯಾಮೆರಾದಲ್ಲಿ ಎಫ್ 8 (ಲೆನ್ಸ್ ಕಿಂಡಿಯ ಅಳತೆ; ಸಂಖ್ಯೆ ಹೆಚ್ಚಾದಷ್ಟೂ ಕಿಂಡಿ ಕಿರಿದು) ಇಟ್ಟರೆ ಸ್ಪಷ್ಟವಾಗಿ ಸಿಗುವುದು ಬರೀ 1 ಮಿ.ಮೀ. ಆಳ. ಕಣ್ಣು ಸಿಕ್ಕರೆ ಮೀಸೆ ಸಿಗಲ್ಲ. ಎಫ್ 11 ಇಡಿ. ಎಫ್ 16 ದಾಟಿದರೆ ಇಡೀ ಚಿತ್ರವೇ ಚೂಪು ಕಳೆದುಕೊಂಡು ಮೆದುವಾಗುತ್ತದೆ. ಕಿಂಡಿಯನ್ನು ಇಷ್ಟು ಕಿರಿದು ಮಾಡಿದ ಮೇಲೆ ತೋಟದ ಬೆಳಕು ಸಾಲುವುದಿಲ್ಲ, ಹಾಗಾಗಿ ಫ್ಲ್ಯಾಶ್ ಬೇಕೇ ಬೇಕು. ಅದನ್ನು 1/16 ಪವರ್‌ಗೆ, ಅಂದರೆ ಪೂರ್ತಿ ಶಕ್ತಿಯ ಹದಿನಾರನೇ ಒಂದು ಭಾಗಕ್ಕೆ ಇಳಿಸಿದರೆ ಮಿಂಚು ಸೆಕೆಂಡಿನ ಸಾವಿರಾರು ಭಾಗದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ ಇರುತ್ತದೆ, ಓಡುವ ಇರುವೆಯೂ ನಿಂತಂತೆ ಸಿಗುತ್ತದೆ.

ಆ ಬಿಳಿ ಚುಕ್ಕೆಯನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಅದು ನಿಮ್ಮ ಫ್ಲ್ಯಾಶ್‌ನ ಪ್ರತಿಬಿಂಬ! ಜೀರುಂಡೆ ಬೆನ್ನು ಕನ್ನಡಿ ಇದ್ದಂತೆ, ಎದುರಿಗಿರುವುದನ್ನು ತೋರಿಸುತ್ತದೆ. ಅದಕ್ಕೆ ಬೆಳಕಿನ ಮೂಲವನ್ನೇ ದೊಡ್ಡದು ಮಾಡಬೇಕು. ಫ್ಲ್ಯಾಶ್ ಮುಂದೆ ಅಂಗೈ ಎರಡರಷ್ಟು ಅಗಲದ ಬಟರ್ ಪೇಪರ್ ಬಾಗಿಸಿ ಕಟ್ಟಿ, ಅದು ಲೆನ್ಸ್ ತುದಿ ದಾಟಿ ಹುಳದ ತಲೆ ಮೇಲೆ ಚಪ್ಪರದ ಹಾಗೆ ಬರಲಿ. ಎಷ್ಟು ಹತ್ತಿರವೋ ಅಷ್ಟು ಮೃದು. ಆಗ ಚುಕ್ಕೆ ಹೋಗಿ, ಬೆನ್ನಿನ ಹಸಿರು ನೀಲಿ ಬಣ್ಣ ನಿಧಾನವಾಗಿ ಹರಡಿಕೊಂಡು ಕಾಣುತ್ತದೆ. ಅದನ್ನು ಮೊದಲ ಸಲ ನೋಡಿದಾಗ ಆಗುವ ಖುಷಿಯೇ ಬೇರೆ.

ಹಿನ್ನೆಲೆ ಕಪ್ಪಾಗುವುದು ಬೆಳಕು ಅಲ್ಲಿಗೆ ಮುಟ್ಟದ ಕಾರಣ. ಹುಳದ ಹಿಂದೆ ಹತ್ತಿರದಲ್ಲೇ ಒಂದು ಎಲೆ ಬರುವಂತೆ ಕೋನ ಬದಲಿಸಿ, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಐಎಸ್ಒ ಸಂಖ್ಯೆಯನ್ನು 400ಕ್ಕೆ ಏರಿಸಿ.

ಫೋಕಸ್‌ಗೆ ಆಟೋ ನಂಬಬೇಡಿ. ಲೆನ್ಸ್ ಉಂಗುರ ಒಂದು ಕಡೆ ನಿಲ್ಲಿಸಿ, ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯಿರಿ, ಕಣ್ಣು ಚೂಪಾದ ಕ್ಷಣ ಒತ್ತಿ. ಎಡಗೈಯಲ್ಲಿ ಎಲೆಯ ತೊಟ್ಟು ಹಿಡಿದು ಅದೇ ಕೈ ಮೇಲೆ ಲೆನ್ಸ್ ಊರಿದರೆ ಗಾಳಿಗೂ ಎಲೆ, ಕ್ಯಾಮೆರಾ ಒಟ್ಟಿಗೇ ಅಲ್ಲಾಡುತ್ತವೆ. ಚಗಳಿ ಗೂಡಿರುವ ಕೊಂಬೆಗೆ ಮಾತ್ರ ಕೈ ಹಾಕಬೇಡಿ.

ಇನ್ನೊಂದು ಮಾತು. ಹುಳ ಅಲ್ಲಾಡದಿರಲಿ ಅಂತ ಕೆಲವರು ಫ್ರಿಜ್‌ನಲ್ಲಿಟ್ಟು ತೆಗೆಯುತ್ತಾರೆ. ದಯವಿಟ್ಟು ಬೇಡ. ಬೆಳಗ್ಗೆ ಬಿಸಿಲೇರುವ ಮುಂಚೆ ಹೋಗಿ. ಮೈ ಬೆಚ್ಚಗಾಗದ ಏರೋಪ್ಲೇನ್ ಚಿಟ್ಟೆ ರೆಕ್ಕೆ ತುಂಬ ಇಬ್ಬನಿ ಹೊತ್ತು ಸುಮ್ನೆ ಕೂತಿರುತ್ತದೆ.