ಏಡಿ, ಸೀಗಡಿ ಇರುವ ಅಂಚೆಚೀಟಿ ಸಂಗ್ರಹ: ಎಲ್ಲಿಂದ ಶುರು ಮಾಡಬೇಕು?

ಸಮುದ್ರಜೀವಿಗಳ ಅಂಚೆಚೀಟಿ ಕೂಡಿಸೋಕೆ ಎಲ್ಲಿಂದ ಶುರು ಮಾಡಬೇಕು, ಮೀನು, ತಿಮಿಂಗಿಲ, ಹವಳ ಎಲ್ಲವನ್ನೂ ಸೇರಿಸಬೇಕಾ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಬೇಡ. ಮೀನಿನ ಚೀಟಿಗಳೇ ಸಾವಿರಗಟ್ಟಲೆ ಇವೆ. ಒಂದು ಗುಂಪು ಹಿಡಿದುಕೊಳ್ಳಿ. ನಾನು ಹಿಡಿದದ್ದು ಕ್ರಸ್ಟೇಶಿಯನ್‌ಗಳನ್ನು, ಅಂದರೆ ಏಡಿ, ಸೀಗಡಿ, ಲಾಬ್‌ಸ್ಟರ್, ಸೀಗಡಿಯಂಥ ಪುಟ್ಟ ಕ್ರಿಲ್, ಬಂಡೆಗೆ ಅಂಟಿಕೊಳ್ಳೋ ಬಾರ್ನಕಲ್‌ಗಳ ಬಳಗ. ಗುಂಪು ಚಿಕ್ಕದಾದಷ್ಟೂ ಒಂದೊಂದು ಚೀಟಿಯನ್ನು ನಿಧಾನವಾಗಿ ನೋಡೋಕೆ ಆಗುತ್ತೆ. ಈ ಹವ್ಯಾಸದ ನಿಜವಾದ ಸುಖ ಇರೋದು ಅಲ್ಲೇ.

ನೋಡೋದು ಅಂದರೆ ಪ್ರಾಣಿಯನ್ನು ನೋಡೋದು. ಭೂತಗನ್ನಡಿ ಹಿಡಿದು ಕಾಲು ಎಣಿಸಿ. ಸಾಮಾನ್ಯ ಏಡಿಗೆ ಇಕ್ಕಳದ ಕಾಲೂ ಸೇರಿ ಹತ್ತು ಕಾಲು ಕಾಣಬೇಕು. ತೆಂಗಿನ ಏಡಿಯ ಚಿತ್ರದಲ್ಲಿ ಎಂಟೇ ಕಂಡರೆ ಕಲಾವಿದನನ್ನು ಬೈಯಬೇಡಿ. ಅದರ ಕೊನೆಯ ಜೋಡಿ ತೀರಾ ಚಿಕ್ಕದು, ಬೆನ್ನಿನ ಚಿಪ್ಪಿನೊಳಗೆ ಮಡಚಿಕೊಂಡಿರುತ್ತೆ. ಅಟ್ಲಾಂಟಿಕ್‌ನ ದೊಡ್ಡ ಇಕ್ಕಳದ ಲಾಬ್‌ಸ್ಟರ್ ಕೆಂಪಗೆ ಹೊಳೀತಾ ಇದ್ದರೆ ಮಾತ್ರ ಅನುಮಾನ ಪಡಿ. ಬದುಕಿದ್ದಾಗ ಅದರ ಮೈ ಸಾಮಾನ್ಯವಾಗಿ ಕಡುನೀಲಿ ಇಲ್ಲವೇ ಹಸಿರುಗಂದು, ಕೆಂಪಾಗೋದು ಬೇಯಿಸಿದ ಮೇಲೆ. ಇಂಥ ಎಡವಟ್ಟು ಹಳೆಯ ಕಾಲದಿಂದಲೂ ಇದೆ. ನ್ಯೂಫೌಂಡ್‌ಲ್ಯಾಂಡ್ (ಈಗ ಕೆನಡಾದ ಭಾಗ) 1865ರಲ್ಲಿ ಶುರುಮಾಡಿದ ಸರಣಿಯಲ್ಲಿ 2 ಸೆಂಟಿನ ಚೀಟಿಯಲ್ಲಿ ಕಾಡ್ ಮೀನು, 5 ಸೆಂಟಿನದರಲ್ಲಿ ಸೀಲ್ ಇದೆ. ಆ ಸೀಲ್‌ನ ಮುಂಗಾಲು ನೋಡಿ, ಈಜೋ ಕಾಲಿನ ಬದಲು ನೆಲದ ಪ್ರಾಣಿಯ ಪಂಜ ಬಿಡಿಸಿದ್ದಾರೆ!

ನನಗೆ ತುಂಬಾ ಇಷ್ಟವಾದ ಚೀಟಿ ಟ್ರಿಸ್ಟನ್ ಡ ಕುನ್ಯಾ ದ್ವೀಪದ್ದು. ದಕ್ಷಿಣ ಅಟ್ಲಾಂಟಿಕ್‌ನ ನಟ್ಟನಡುವೆ ಇರುವ ಪುಟ್ಟ ದ್ವೀಪ ಅದು. ಅಲ್ಲಿನ 1954ರ ಸರಣಿಯಲ್ಲಿ ಒಂದು ಲಾಬ್‌ಸ್ಟರ್ ಇದೆ. ಇಕ್ಕಳ ಇಲ್ಲದ, ಉದ್ದುದ್ದ ಮೀಸೆಯ ಜಾತಿ. ಸುಮ್ನೆ ಅಂದಕ್ಕೆ ಹಾಕಿದ ಚಿತ್ರ ಅಲ್ಲ, ದ್ವೀಪದ ಜನರ ಹೊಟ್ಟೆ ತುಂಬೋದೇ ಅದನ್ನು ಹಿಡಿದು ಮಾರೋದರಿಂದ. 1961ರಲ್ಲಿ ಅಲ್ಲಿ ಜ್ವಾಲಾಮುಖಿ ಸಿಡಿಯಿತು, ಎಲ್ಲರನ್ನೂ ಇಂಗ್ಲೆಂಡಿಗೆ ಕರೆದೊಯ್ದರು. ಲಾಬ್‌ಸ್ಟರ್ ಕಾರ್ಖಾನೆ ಲಾವಾಕ್ಕೆ ಸಿಕ್ಕಿ ಹಾಳಾಯಿತು. 1963ರಲ್ಲಿ ಬಹುತೇಕ ಜನ ವಾಪಸ್ ಬಂದು, ಮತ್ತೆ ಅದೇ ಕಸುಬು ಹಿಡಿದರು. ಇಷ್ಟು ತಿಳಿದ ಮೇಲೆ ಆ ಚಿಕ್ಕ ಚೀಟಿಯನ್ನು ನೋಡೋ ಕಣ್ಣೇ ಬೇರೆ ಆಗುತ್ತೆ, ಅಲ್ವಾ?

ಆಲ್ಬಂ ಜೋಡಿಸುವಾಗ ದೇಶವಾರು ಜೋಡಿಸಬೇಡಿ, ಪ್ರಾಣಿಗಳ ಬಳಗದ ಪ್ರಕಾರ ಜೋಡಿಸಿ. ತುಂಬಾ ಚೀಟಿಗಳಲ್ಲಿ ಚಿತ್ರದ ಕೆಳಗೆ ಪ್ರಾಣಿಯ ವೈಜ್ಞಾನಿಕ ಹೆಸರು ಸಣ್ಣಕ್ಷರದಲ್ಲಿ ಇರುತ್ತೆ, ಅದೇ ನಿಮಗೆ ದಾರಿ. ಹೀಗೆ ಮಾಡಿದರೆ ಕೆಲವು ಅಚ್ಚರಿಗಳು ಎದುರಾಗುತ್ತವೆ. ಬಂಡೆಗೆ ಅಂಟಿಕೊಂಡ ಬಾರ್ನಕಲ್ ಚಿಪ್ಪಿನ ಹುಳುವಿನ ಹಾಗೆ ಕಂಡರೂ ಏಡಿಯ ನೆಂಟ. ಕುದುರೆಲಾಳದ ಏಡಿ ಹೆಸರಿಗಷ್ಟೇ ಏಡಿ, ಅದರ ಹತ್ತಿರದ ಸಂಬಂಧ ಜೇಡ, ಚೇಳಿನ ಜೊತೆ. ಅದನ್ನು ನಾನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಕರ್ಕಾಟಕ ರಾಶಿಯ ಏಡಿಗಳಿಗೂ (ಇಸ್ರೇಲ್‌ನ 1961ರ ರಾಶಿಗಳ ಸರಣಿಯಂಥವು) ಕೊನೆಯಲ್ಲಿ ಒಂದು ಹಾಳೆ ಕೊಡಿ, ಚೆನ್ನಾಗಿರುತ್ತೆ.

ಕೊಳ್ಳುವಾಗ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಪ್ರಾಣಿಗಳ ಚೀಟಿಗೆ ಗಿರಾಕಿ ಜಾಸ್ತಿ, ಹಾಗಾಗಿ ಯಾವುದೋ ದೇಶದ ಹೆಸರು ಹಾಕಿ ಅಲ್ಲಿನ ಅಂಚೆ ಇಲಾಖೆಗೆ ಗೊತ್ತೇ ಇಲ್ಲದ ಚೀಟಿ ಅಚ್ಚು ಹಾಕಿ ಮಾರುವವರಿದ್ದಾರೆ. ವಿಶ್ವ ಅಂಚೆ ಒಕ್ಕೂಟ 2002ರಿಂದ ಅಸಲಿ ಚೀಟಿಗಳಿಗೆ ನಂಬರು ಕೊಟ್ಟು ಪಟ್ಟಿ ಮಾಡೋ ಡಬ್ಲ್ಯೂಎನ್‌ಎಸ್ ಅನ್ನೋ ವ್ಯವಸ್ಥೆ ನಡೆಸುತ್ತಿದೆ. ಅದರಲ್ಲಿ ಸೇರಿರುವ ದೇಶದ ಹೊಸ ಚೀಟಿಯಾದರೆ ಆ ಪಟ್ಟಿಯಲ್ಲಿ ಹುಡುಕಿ, ಹಳೆಯದಾದರೆ ಸ್ಟಾನ್ಲಿ ಗಿಬ್ಬನ್ಸ್, ಸ್ಕಾಟ್ ಅಥವಾ ಮಿಶೆಲ್ ಕ್ಯಾಟಲಾಗು ತೆರೆಯಿರಿ. ಎಲ್ಲೂ ಸಿಗದಿದ್ದರೆ ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ.

ಜೋಪಾನದ ಬಗ್ಗೆ ನಾಲ್ಕು ಮಾತು ಸಾಕು. ಬೆರಳಲ್ಲಿ ಮುಟ್ಟಬೇಡಿ, ಚಿಮುಟ ಬಳಸಿ. ಪಿವಿಸಿ ಹಾಳೆಯ ಆಲ್ಬಂ ಬೇಡ, ಅದು ಕ್ರಮೇಣ ಚೀಟಿಯನ್ನು ಕೆಡಿಸುತ್ತೆ. ಹಳೆಯ ಗೋಂದಿನ ಚೀಟಿಯನ್ನು ನೀರಲ್ಲಿ ನೆನೆಸಿ ಬಿಡಿಸಬಹುದು. ಈಚಿನ ಸ್ಟಿಕ್ಕರ್ ಥರದವು ಎಷ್ಟೋ ಸಲ ನೀರಿಗೆ ಬಿಡೋದಿಲ್ಲ, ಸುತ್ತ ಲಕೋಟೆಯ ಕಾಗದ ಸ್ವಲ್ಪ ಬಿಟ್ಟು ಕತ್ತರಿಸಿ ಹಾಗೇ ಇಡಿ.

ಮೊದಲು ಒಂದು ಪೂರ್ತಿ ಸರಣಿ ಕೊಳ್ಳೋದಾದರೆ ಬ್ರಿಟಿಷ್ ಅಂಟಾರ್ಕ್ಟಿಕ್ ಟೆರಿಟರಿಯ 1984ರ ಸಮುದ್ರಜೀವಿಗಳದ್ದನ್ನು ಹುಡುಕಿ. ತಿಮಿಂಗಿಲ, ಪೆಂಗ್ವಿನ್‌ಗಳ ಊಟವಾದ ಕ್ರಿಲ್ ಅದರಲ್ಲಿದೆ, ಅದೇ ಬಳಗದ ಪುಟ್ಟ ಜೀವಿ ಕೋಪೆಪಾಡ್ ಕೂಡ ಇದೆ. ಜೊತೆಗೆ ಒಂದು ಸಮುದ್ರ ಜೇಡವೂ ಇದೆ. ಅದು ನಮ್ಮ ಬಳಗದ್ದಲ್ಲ, ಆದರೂ ಸರಣಿ ಒಡೆಯೋಕೆ ನನಗಂತೂ ಮನಸ್ಸು ಬರಲಿಲ್ಲ.