ಕೆಮಿಕಲ್ಲಾ, ಬಯೋಟೆಕ್ಕಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಾನು ಸೆಕೆಂಡ್ ಪಿಯುಸಿ ಪಿಸಿಎಂಬಿ ಮುಗಿಸಿದ್ದೀನಿ. ನಮ್ಮೂರು ಮದ್ದೂರು ಹತ್ರ, ಅಪ್ಪ ಕಬ್ಬು ಬೆಳೀತಾರೆ, ಸಣ್ಣದೊಂದು ಆಲೆಮನೆನೂ ಇದೆ. ಸಿಇಟಿ ರ‍್ಯಾಂಕ್ ನೋಡಿದ್ರೆ ಒಂದು ಕಾಲೇಜಲ್ಲಿ ಕೆಮಿಕಲ್, ಇನ್ನೊಂದರಲ್ಲಿ ಬಯೋಟೆಕ್ನಾಲಜಿ ಸಿಗೋ ಹಾಗಿದೆ. ನಂಗೆ ಬಯಾಲಜಿ ಅಂದ್ರೆ ಪ್ರಾಣ, ಮ್ಯಾಥ್ಸೂ ಚೆನ್ನಾಗೇ ಮಾಡ್ತೀನಿ. ಕೆಮಿಕಲ್ ಹೆಣ್ಮಕ್ಕಳಿಗಲ್ಲ, ಫ್ಯಾಕ್ಟರಿ, ನೈಟ್ ಶಿಫ್ಟು, ಅಪಾಯ ಅಂತಾರೆ ಅಪ್ಪ. ಮಾವ ಎರಡೂ ಬೇಡ, ದುಡ್ಡು ಕೊಟ್ಟಾದ್ರೂ ಕಂಪ್ಯೂಟರ್ ಸೈನ್ಸ್ ತಗೋ ಅಂತಿದ್ದಾರೆ. ಆಪ್ಷನ್ ಎಂಟ್ರಿಲಿ ಯಾವುದನ್ನ ಮೇಲೆ ಹಾಕ್ಲಿ?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಕೆಮಿಕಲ್‌ನ ಮೇಲೆ ಹಾಕಮ್ಮ. ಯಾಕೆ ಅಂತ ನಿಮ್ಮ ಆಲೆಮನೆ ಇಟ್ಕೊಂಡೇ ಹೇಳ್ತೀನಿ.

ಒಂದು ಟನ್ ಕಬ್ಬು ಗಾಣಕ್ಕೆ ಕೊಟ್ರೆ ಸುಮಾರು 600 ಕೆಜಿ ಹಾಲು ಬಂತು ಅಂದ್ಕೋ, ಕೊನೆಗೆ ಅಚ್ಚಿಗೆ ಬೀಳೋ ಬೆಲ್ಲ ಹೆಚ್ಚುಕಮ್ಮಿ 100 ಕೆಜಿ. ಮಿಕ್ಕ 500 ಕೆಜಿ ನೀರು ಕೊಪ್ಪರಿಗೆ ಮೇಲೆ ಹಬೆಯಾಗಿ ಹೋಯ್ತು, ಅದಕ್ಕೆ ಒಲೆಲಿ ಇಷ್ಟು ಸಿಪ್ಪೆ ಉರೀತು. ಒಳಗೆ ಎಷ್ಟು ಹೋಯ್ತು, ಹೊರಗೆ ಎಷ್ಟು ಬಂತು, ಶಾಖ ಎಷ್ಟು ಖರ್ಚಾಯ್ತು ಅನ್ನೋ ಈ ಲೆಕ್ಕಕ್ಕೇ ಮಾಸ್ ಬ್ಯಾಲೆನ್ಸ್, ಎನರ್ಜಿ ಬ್ಯಾಲೆನ್ಸ್ ಅಂತಾರೆ, ಕೆಮಿಕಲ್‌ನಲ್ಲಿ ಮೊದಲು ಕಲಿಸೋದೇ ಇದು. ಅಪ್ಪ ಸುಣ್ಣದ ತಿಳಿ ಹಾಕಿ, ಬೆಂಡೆ ಗಿಡದ ಲೋಳೆ ಬಿಟ್ಟು, ಮೇಲೆ ತೇಲಿದ ಮಡ್ಡಿ ತೆಗೀತಾರಲ್ಲ, ಅದೂ ಈ ಓದಿನ ಒಳಗೇ ಬರುತ್ತೆ. ಸಕ್ಕರೆ ಕಾರ್ಖಾನೆಲಿ ಅದೇ ಹಾಲನ್ನ ಮುಚ್ಚಿದ ಪಾತ್ರೆಗಳ ಸಾಲಲ್ಲಿ ಕಾಯಿಸ್ತಾರೆ, ಮೊದಲನೇ ಪಾತ್ರೆಯ ಹಬೆಯನ್ನ ಹೊರಗೆ ಬಿಡದೆ ಎರಡನೇದಕ್ಕೆ ಕೊಡ್ತಾರೆ, ಅಲ್ಲಿ ಒತ್ತಡ ಕಮ್ಮಿ ಇರೋದ್ರಿಂದ ಕಮ್ಮಿ ಬಿಸಿಗೇ ಕುದಿಯುತ್ತೆ, ಹಿಂಗೆ ನಾಲ್ಕು ಪಾತ್ರೆ ದಾಟಿದ್ರೆ ಒಂದು ಕೆಜಿ ಹಬೆಯಿಂದ ನಾಲ್ಕು ಕೆಜಿ ಹತ್ರ ನೀರು ಆರುತ್ತೆ. ನಾನು ಇದನ್ನ ಮೊದಲ ಸಲ ಕ್ಲಾಸಲ್ಲಿ ಕೇಳಿದ ದಿನ ರಾತ್ರಿ ನಿದ್ದೆ ಬಂದಿರಲಿಲ್ಲ, ಅಷ್ಟು ಖುಷಿಯಾಗಿತ್ತು.

ಈಗ ಕಾಕಂಬಿಗೆ ಬಾ, ಅಂದ್ರೆ ಕಾರ್ಖಾನೆಲಿ ಸಕ್ಕರೆ ತೆಗೆದ ಮೇಲೆ ಮಿಕ್ಕೋ ಕಪ್ಪು ಪಾಕ, ನಿನ್ನ ಬಯಾಲಜಿ ಶುರುವಾಗೋದೇ ಇಲ್ಲಿ. ಕಾಕಂಬಿಗೆ ಯೀಸ್ಟ್ ಹಾಕಿದ್ರೆ 180 ಗ್ರಾಂ ಗ್ಲೂಕೋಸ್‌ಗೆ ಲೆಕ್ಕದ ಪ್ರಕಾರ 92 ಗ್ರಾಂ ಎಥನಾಲ್, 88 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಜೊತೆಗೆ ಬಿಸಿನೂ ಬರುತ್ತೆ, ಎಲ್ಲರೂ ಮರೆಯೋದು ಇದನ್ನೇ. ಲ್ಯಾಬಿನ ಫ್ಲಾಸ್ಕಲ್ಲಿ ಆ ಬಿಸಿ ಗಾಜಿನ ಗೋಡೆಯಿಂದ ತಾನೇ ಆರಿಹೋಗುತ್ತೆ. ಆದ್ರೆ ಪಾತ್ರೆನ ಉದ್ದ ಅಗಲ ಎತ್ತರ ಮೂರರಲ್ಲೂ ಹತ್ತು ಪಟ್ಟು ದೊಡ್ಡದು ಮಾಡಿದ್ರೆ ಒಳಗಿನ ದ್ರವ 1000 ಪಟ್ಟು ಆಗುತ್ತೆ, ಬಿಸಿ ಹೊರಗೆ ಹೋಗೋ ಗೋಡೆ ಮಾತ್ರ 100 ಪಟ್ಟು. ಒಳಗೆ ತಣ್ಣೀರಿನ ಕೊಳವೆ ಸುತ್ತಿಸದೇ ಹೋದ್ರೆ ಯೀಸ್ಟ್ ಬೆಂದುಹೋಗುತ್ತೆ. ಮದುವೆ ಮನೇಲಿ ದೊಡ್ಡ ಹಂಡೆಲಿ ರುಬ್ಬಿಟ್ಟ ಇಡ್ಲಿ ಹಿಟ್ಟಿಗೆ ಬೆಳಗಾಗೋದ್ರೊಳಗೆ ಕೈ ಇಟ್ಟು ನೋಡು, ಬೆಚ್ಚಗಿರುತ್ತೆ, ಮನೆ ಪಾತ್ರೆಲಿ ಹಾಗಿರಲ್ಲ.

ಔಷಧಿ ಮಾಡೋದೂ ಹೀಗೇ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಇನ್ಸುಲಿನ್ ಮಾರುಕಟ್ಟೆಗೆ ತಂತಲ್ಲ, ಅದನ್ನ ಮಾಡಿದ್ದು ಪಿಚಿಯಾ ಅನ್ನೋ ಯೀಸ್ಟ್ ಕೈಲಿ. ಅದಕ್ಕೆ ಮೆಥನಾಲ್ ತಿನ್ನಿಸಿ ಬೆಳೆಸಿದ್ರೆ ವಿಪರೀತ ಆಕ್ಸಿಜನ್ ಕೇಳುತ್ತೆ, ವಿಪರೀತ ಬಿಸಿನೂ ಬಿಡುತ್ತೆ. ಜೀನ್ ಒಳಗೆ ಹಾಕೋದು ಬಯಾಲಜಿಯವರ ಕೆಲಸ, ಸರಿ. ಸಾವಿರಾರು ಲೀಟರ್ ಟ್ಯಾಂಕಿನ ಮೂಲೆಮೂಲೆಗೂ ಗಾಳಿ ಮುಟ್ಟಿಸೋದು, ಬಿಸಿ ತೆಗೆಯೋದು, ಕೊನೆಗೆ ಆ ರಾಡಿಯಿಂದ ಶುದ್ಧ ಇನ್ಸುಲಿನ್ ಬೇರೆ ಮಾಡೋದು ಇದೆಯಲ್ಲ, ಅದೆಲ್ಲಾ ಹೀಟ್ ಟ್ರಾನ್ಸ್‌ಫರ್ರು, ಮಾಸ್ ಟ್ರಾನ್ಸ್‌ಫರ್ರು, ಅಂದ್ರೆ ಶಾಖ, ವಸ್ತು ಒಂದು ಕಡೆಯಿಂದ ಇನ್ನೊಂದು ಕಡೆ ಹೋಗೋ ಲೆಕ್ಕ, ಕೆಮಿಕಲ್‌ನವರ ಪಾಠ. ಬಯೋಟೆಕ್ ಬಿಇಲೂ ಈ ಪಾಠ ಇರುತ್ತೆ, ಆದ್ರೆ ಮೈಕ್ರೋಬಯಾಲಜಿ, ಜೆನೆಟಿಕ್ಸ್, ಇಮ್ಯುನಾಲಜಿ ಎಲ್ಲಾ ಕಲಿಸಬೇಕಾದ್ರಿಂದ ಇದಕ್ಕೆ ಸಿಗೋ ಜಾಗ ಕಮ್ಮಿ. ಅದಕ್ಕೇ ನಾನು ಹೇಳೋದು, ಮೊದಲು ಕೆಮಿಕಲ್ ಓದಿ ಆಮೇಲೆ ಎಂಟೆಕ್‌ಗೆ ಬಯೋಪ್ರೋಸೆಸ್ (ಜೀವಕೋಶಗಳ ಕೈಲಿ ವಸ್ತು ತಯಾರಿಸೋ ವಿಧಾನ) ಕಡೆ ತಿರುಗೋದು ಸಲೀಸು, ಬಯೋಟೆಕ್ ಓದಿ ರಿಫೈನರಿಗೋ ರಸಗೊಬ್ಬರ ಕಾರ್ಖಾನೆಗೋ ಹೋಗೋದು ತುಂಬಾ ಕಷ್ಟ. ಕೆಮಿಕಲ್ ಆದ್ರೆ ಮಂಗಳೂರಿನ ಎಂಆರ್‌ಪಿಎಲ್ ತೈಲ ರಿಫೈನರಿ, ದಾಂಡೇಲಿ ಪೇಪರ್ ಮಿಲ್, ನಂಜನಗೂಡಿನ ಔಷಧಿ ಕಾರ್ಖಾನೆಗಳು, ನಿಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆ, ಎಲ್ಲಾ ಕಡೆನೂ ಬಾಗಿಲಿದೆ.

ಒಂದನ್ನ ಮಾತ್ರ ನಿನ್ನನ್ನ ನೀನೇ ಕೇಳ್ಕೋ. ಬಯಾಲಜಿ ಪ್ರಾಣ ಅಂದ್ಯಲ್ಲ, ಅದರಲ್ಲಿ ಏನು ಪ್ರಾಣ? ಆ ಜೀವಕೋಶ ಒಳಗೆ ಏನು ಮಾಡ್ತಿದೆ, ಈ ಜೀನ್ ಯಾಕೆ ಕೆಲಸ ಮಾಡಲ್ಲ ಅನ್ನೋದೇ ನಿನ್ನ ಕಾಡ್ತಾ ಇದ್ರೆ ನನ್ನ ಮಾತು ಬಿಡು, ಬಯೋಟೆಕ್ ತಗೋ, ಆದ್ರೆ ನಾಲ್ಕು ವರ್ಷಕ್ಕೆ ಮುಗೀತು ಅನ್ಕೋಬೇಡ, ಎಂಟೆಕ್ಕೋ ಪಿಎಚ್‌ಡಿನೋ ಮಾಡೋಕೆ ಮನಸ್ಸೂ ಮನೆಯ ಅನುಕೂಲವೂ ಎರಡೂ ಇರಬೇಕು. ಕೆಮಿಕಲ್ ತಗೊಂಡ್ರೆ ಎಲೆಕ್ಟಿವ್‌ಗಳಲ್ಲಿ ಬಯೋಕೆಮಿಕಲ್ ಇಂಜಿನಿಯರಿಂಗ್ ಇದೆಯಾ ಅಂತ ಆ ಕಾಲೇಜಿಗೇ ಹೋಗಿ ಕೇಳು, ಫೈನಲ್ ಇಯರ್ ಪ್ರಾಜೆಕ್ಟ್‌ನ ಫರ್ಮೆಂಟರ್ (ಯೀಸ್ಟ್‌ನಂಥವನ್ನ ಬೆಳೆಸೋ ಟ್ಯಾಂಕು) ಇರೋ ಕಡೆನೇ ಮಾಡು. ಹೋದಾಗ ಲ್ಯಾಬಿನ ಡಿಸ್ಟಿಲೇಶನ್ ಕಾಲಂ (ದ್ರವಗಳನ್ನ ಕಾಯಿಸಿ ಬೇರೆ ಮಾಡೋ ಗೋಪುರ) ನಿಜವಾಗ್ಲೂ ಓಡ್ತಿದೆಯಾ ನೋಡು, ಧೂಳು ಹಿಡಿದು ನಿಂತಿದ್ರೆ ಗೊತ್ತಾಗಿಬಿಡುತ್ತೆ.

ಅಪ್ಪನ ವಿಷಯ. ಅವರ ಭಯ ಸುಳ್ಳಲ್ಲ, ಅದನ್ನ ಹಗುರವಾಗಿ ತಗೋಬೇಡ. 1984ರ ಡಿಸೆಂಬರ್‌ನಲ್ಲಿ ಭೋಪಾಲಲ್ಲಿ ವಿಷಾನಿಲದ ಟ್ಯಾಂಕಿಗೆ ನೀರು ನುಗ್ಗಿದಾಗ ಅದನ್ನ ತಣ್ಣಗಿಡೋ ಮಷೀನನ್ನ ಮೊದಲೇ ನಿಲ್ಲಿಸಿದ್ರು, ಸೋರಿದ ಅನಿಲವನ್ನ ಸುಡೋ ಚಿಮಣಿಯೂ ಕೆಲಸಕ್ಕೆ ಬರೋ ಸ್ಥಿತಿಲಿ ಇರಲಿಲ್ಲ, ಸಾವಿರಾರು ಜನ ಸತ್ತರು. ಇವತ್ತು ಪ್ಲಾಂಟ್ ಸೇಫ್ಟಿನ ಪ್ರತ್ಯೇಕ ವಿಷಯವಾಗಿ ಓದಿಸ್ತಾರೆ, ಆ ಕೆಲಸಕ್ಕೆ ನಿನ್ನಂಥ ಹುಷಾರಾದ ಮಕ್ಕಳೇ ಬೇಕು. ನಾನು ಓದುವಾಗ 40 ಜನರ ಕ್ಲಾಸಲ್ಲಿ ನಾವು ಮೂರೇ ಹುಡುಗಿಯರು, ಮೊದಲ ಕೆಲಸದಲ್ಲಿ ಪ್ಲಾಂಟಿನ ಹತ್ರ ಹೆಂಗಸರ ಟಾಯ್ಲೆಟ್ಟೇ ಇರಲಿಲ್ಲ, ಆಫೀಸ್ ಬಿಲ್ಡಿಂಗ್‌ವರೆಗೂ ನಡೀಬೇಕಿತ್ತು, ಅದಕ್ಕೆ ನೀರೇ ಕುಡೀತಿರಲಿಲ್ಲ ನಾನು. ಈಗ ಕರ್ನಾಟಕದಲ್ಲಿ ಹೆಣ್ಮಕ್ಕಳಿಗೆ ನೈಟ್ ಶಿಫ್ಟ್ ಕೊಡಬೇಕಾದ್ರೆ ಅವರ ಒಪ್ಪಿಗೆ ಬೇಕು, ಹೋಗಿ ಬರೋಕೆ ವಾಹನ ಕೊಡಬೇಕು ಅನ್ನೋ ಷರತ್ತುಗಳಿವೆ. ಡಿಸೈನ್, ಪ್ರೋಸೆಸ್ ಸಿಮ್ಯುಲೇಶನ್ (ಪ್ಲಾಂಟ್ ಹೇಗೆ ಓಡುತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕೋದು), ಕ್ವಾಲಿಟಿ ಅಂತ ಹಗಲು ಕೆಲಸಗಳೂ ಬೇಕಾದಷ್ಟಿವೆ.

ಮಾವನಿಗೆ ಒಂದೇ ಮಾತು, ಇಷ್ಟ ಇಲ್ಲದ ಸೀಟಿಗೆ ಆಲೆಮನೆ ಅಡ ಇಡೋದು ಬೇಡ.

ಪ್ರಶ್ನೆ: ನನಗೆ ಕೆಮಿಸ್ಟ್ರಿ ತುಂಬಾ ಇಷ್ಟ, ಮ್ಯಾಥ್ಸ್ ಕಂಡ್ರೆ ಆಗಲ್ಲ. ಕೆಮಿಕಲ್ ಇಂಜಿನಿಯರಿಂಗ್ ತಗೋಬಹುದಾ?
– ವಿದ್ಯಾರ್ಥಿ, ಹಾಸನ

ಉತ್ತರ: ಬೇಡಪ್ಪ. ಹೆಸರು ನೋಡಿ ಮೋಸ ಹೋಗೋರು ಪ್ರತಿ ವರ್ಷ ಸಿಗ್ತಾರೆ. ಅಲ್ಲಿ ಕೆಮಿಸ್ಟ್ರಿಗಿಂತ ಫಿಸಿಕ್ಸು ಮ್ಯಾಥ್ಸೇ ಜಾಸ್ತಿ, ಡಿಫರೆನ್ಶಿಯಲ್ ಈಕ್ವೇಶನ್ ಇಲ್ಲದೆ ಒಂದು ಸೆಮಿಸ್ಟರೂ ದಾಟಲ್ಲ. ನೀನು ಬಿಎಸ್ಸಿ ಕೆಮಿಸ್ಟ್ರಿ ಮಾಡಿ ಎಂಎಸ್ಸಿಗೆ ಹೋಗು, ಔಷಧಿ ಕಂಪನಿಗಳ ರಿಸರ್ಚ್ ಲ್ಯಾಬಿನಲ್ಲಿ ಹೊಸ ಅಣು ಕಟ್ಟೋ ಕೆಲಸ ಮಾಡೋರು ಹೆಚ್ಚಾಗಿ ಕೆಮಿಸ್ಟ್ರಿ ಓದಿದೋರೇ.

ಪ್ರಶ್ನೆ: ನಮ್ಮ ಮಗ ಬಯೋಟೆಕ್ ಬಿಇ ಮೂರನೇ ವರ್ಷದಾಗ ಅದಾನ್ರಿ. ಕೆಲಸಾ ಸಿಗಂಗಿಲ್ಲ ಅಂತ ಮಂದಿ ಹೆದರಸಾಕತ್ತಾರ. ಏನ್ ಮಾಡೂದ್ರಿ?
– ತಂದೆ, ಬಾಗಲಕೋಟೆ

ಉತ್ತರ: ಹೆದರಬೇಡಿ ಸರ್, ಇನ್ನೂ ಒಂದು ವರ್ಷದ ಮೇಲೆ ಟೈಮ್ ಇದೆ. ಈ ರಜೆಲೇ ಯಾವುದಾದ್ರೂ ಔಷಧಿ ಕಾರ್ಖಾನೆ ಇಲ್ಲಾಂದ್ರೆ ಡಿಸ್ಟಿಲರಿಲಿ ಇಂಟರ್ನ್‌ಶಿಪ್ ಹಿಡೀಲಿ, ಸಂಬಳ ಇಲ್ಲದಿದ್ರೂ ಪರವಾಗಿಲ್ಲ. ಎಚ್‌ಪಿಎಲ್‌ಸಿ ಮಷೀನ್ (ಮಿಶ್ರಣದಲ್ಲಿ ಏನೇನು ಎಷ್ಟೆಷ್ಟಿದೆ ಅಂತ ಅಳೆಯೋದು) ಸ್ವಂತ ಕೈಯಲ್ಲಿ ಓಡಿಸಕ್ಕೆ ಬಂದ್ರೆ, ಜಿಎಂಪಿ ಅನ್ನೋ ಔಷಧಿ ತಯಾರಿಕೆಯ ಗುಣಮಟ್ಟದ ನಿಯಮಗಳ ಪ್ರಕಾರ ರೆಕಾರ್ಡ್ ಬರೆಯೋಕೆ ಬಂದ್ರೆ ಕ್ವಾಲಿಟಿ ವಿಭಾಗದಲ್ಲಿ ಕರೀತಾರೆ. ಮುಂದೆ ಓದೋ ಹಾಗಿದ್ರೆ ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆಲಿ ಬಯೋಟೆಕ್ನಾಲಜಿಗೇ ಪ್ರತ್ಯೇಕ ಪೇಪರ್ ಇದೆ, ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ ನೆರವು ಕೊಡೋ ಎಂಟೆಕ್, ಎಂಎಸ್ಸಿ ಸೀಟುಗಳಿಗೆ ಗ್ಯಾಟ್-ಬಿ ಅನ್ನೋ ಪರೀಕ್ಷೆ ಬೇರೆ ಇದೆ, ಅದರಲ್ಲಿ ಬಂದೋರಿಗೆ ಸ್ಟೈಪೆಂಡ್ ಕೂಡ ಸಿಗುತ್ತೆ. ಎರಡಕ್ಕೂ ಒಂದೇ ಸಲ ಓದ್ಕೋಬಹುದು, ಈಗಲೇ ಶುರು ಮಾಡ್ಲಿ.